ಹನ್ನೊಂದು ದಿನದ ನೀರು

ಮಾರ್ಚ್ ೨೮, ಗುರುವಾರ

ಮಗಳೇ,

ಈ ಮನೆಯ ಹಿರಿಯಳು ನಾನು. ಹೈಸ್ಕೂಲಿನ ಓದಿನಲ್ಲೇ ನಾಲ್ಕು ಮಕ್ಕಳನ್ನು ದಡ ಸೇರಿಸಿದವಳು. ನನ್ನ ಸಹಿ ಇಲ್ಲದೆ ಇಲ್ಲಿಂದ ಒಂದು ಕಾಗದವೂ ಆಚೆ ಹೋಗುವುದಿಲ್ಲ. ನಿನ್ನ ದೊಡ್ಡಮ್ಮನಿಗೂ ಅದು ಗೊತ್ತಿರಲಿ.

ನೀನು ಅವಳನ್ನು ಕರೆಯುವುದು ದೊಡ್ಡಮ್ಮ ಅಂತ! ನನಗೆ ಅಕ್ಕ ಯಾರೂ ಇಲ್ಲ. ನಿನ್ನಪ್ಪನ ಬಳಿ ಕೆರೆಯ ನೀರಿನ ಮಟ್ಟ ಅಳೆಯುವುದನ್ನು ಕಲಿಯಲು ಬಂದವಳು ಅವಳು. ಊರೂರಿನವರು ದಿನದಿನ ಅಳೆದಿಟ್ಟದ್ದನ್ನೆಲ್ಲ ಕೂಡಿಸಿ ಮಾಹಿತಿ ಭಂಡಾರ ಕಟ್ಟಿದಳು. ನೀನು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಫೋನಿನ ತುಂಬ ಅವಳದೇ ಮಾತು. ನಾನು ಉಂಡೆನೇ ಎಂಬುದು ಕೊನೆಗೆ, ನೆನಪಾದರೆ.

ಅನುದಾನ ನಿಲ್ಲುತ್ತದೆ ಎಂದು ನೀನು ಅತ್ತಾಗ, ಸುಳ್ಳೇಕೆ, ನನಗೆ ಒಳಗೊಳಗೇ ಖುಷಿಯಾಯಿತು. ಭಂಡಾರ ಮುಚ್ಚಿದರೆ ಮನೆಗೆ ಬರುತ್ತೀ ಎಂದುಕೊಂಡೆ. ಆಮೇಲೆ ವಿಶ್ವವಿದ್ಯಾಲಯವೊಂದು ಅದನ್ನು ಸಾಕಲು ಒಪ್ಪಿತು. ಆದರೆ ಅಳೆದವರ ಅಥವಾ ಅವರ ಮನೆಯವರ ಒಪ್ಪಿಗೆ ಬೇಕು, ಒಬ್ಬರದು ತಪ್ಪಿದರೂ ಇಡೀ ಭಂಡಾರ ಬೇಡ ಎಂದಿತು. ಅಪ್ಪ ಈಗಿಲ್ಲವಲ್ಲ, ಅವರ ಬದಲು ನನಗೆ ಬಂದ ಫಾರಂ ಎರಡು ತಿಂಗಳು ಬೀರುವಿನಲ್ಲಿ ಹೊದಿಕೆಗಳ ಕೆಳಗಿತ್ತು. "ಎಲ್ಲರದ್ದೂ ಬಂತು, ನಿಂದೊಂದೇ ಬಾಕಿ ಕಣಮ್ಮಾ" ಎಂದು ನೀನು ಗೋಗರೆದೆ. "ಪೋಸ್ಟ್‌ನವನು ಎಲ್ಲಿ ಕಳೆದನೋ" ಎಂದೆ. ಈ ಶನಿವಾರ ಗಡುವು.

ಸೋಮವಾರ ಅವಳೇ ಬಂದಳು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ. ನಾನು ಕುರ್ಚಿ ತೋರಿಸಲಿಲ್ಲ. "ಗಂಡನನ್ನೂ ಕೊಟ್ಟಾಯ್ತು, ಮಗಳನ್ನೂ ಕೊಟ್ಟಾಯ್ತು. ಇನ್ನೇನು ಬೇಕಮ್ಮಾ ನಿನಗೆ?" ಎಂದೆ. ಅವಳು ನಿಂತೇ ಅಪ್ಪನ ಹಳೆಯ ನೋಟ್‌ಬುಕ್ ಒಂದನ್ನು ಮೇಜಿನ ಮೇಲಿಟ್ಟು, "ಅಕ್ಕಾ, ಇದನ್ನೊಮ್ಮೆ ನೋಡಿ. ಸಹಿ ಹಾಕೋದು, ಬಿಡೋದು ಆಮೇಲೆ" ಎಂದು ಹೊರಟುಹೋದಳು.

ನೋಡಿದೆ. ನಿನ್ನೆ ಬಸ್ಸು ಹಿಡಿದು ಹೋಗಿ, ಸಹಿ ಹಾಕಿದ ಫಾರಂ ವಿಶ್ವವಿದ್ಯಾಲಯದ ಕಚೇರಿಗೆ ಕೊಟ್ಟು ಬಂದೆ. ಸ್ವೀಕೃತಿ ಚೀಟಿ ಇದರೊಳಗಿದೆ. ಅವಳಿಗೋಸ್ಕರ ಕೊಟ್ಟೆ ಎಂದುಕೊಳ್ಳಬೇಡ.

ನಿನಗಿರುವ ಒಬ್ಬಳೇ ಅಮ್ಮ

ತಾ.ಕ.: ಆ ನೋಟ್‌ಬುಕ್ಕಿನಲ್ಲಿ ಹನ್ನೊಂದು ದಿನ ನನ್ನ ಅಕ್ಷರವಿದೆ. ಅಪ್ಪ ಅವಳಿಗೆ ಕಲಿಸಲು ಬೇರೆ ಕೆರೆಗೆ ಹೋದಾಗ ಇಲ್ಲಿ ಅಳೆಯುವ ಕೆಲಸ ನನಗೆ ಬಿಟ್ಟಿದ್ದರು. ನಾನು ಹೊಟ್ಟೆಕಿಚ್ಚಿಗೆ ಕೆರೆಯ ಕಡೆ ತಲೆಯೇ ಹಾಕದೆ, ಅಡುಗೆಮನೆಯಲ್ಲಿ ಕೂತು ತೋಚಿದ ಅಂಕಿ ಬರೆದೆ. ಒಂದೊಂದರ ಪಕ್ಕವೂ ಅವಳ ಪೆನ್ಸಿಲಿನ ಪುಟ್ಟ ಪ್ರಶ್ನೆಚಿಹ್ನೆ ಇದೆ, ಆ ವರ್ಷದ್ದೇ ತಾರೀಖಿನ ಜೊತೆ. ಮೂವತ್ತು ವರ್ಷ ಅವಳು ಅಪ್ಪನಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಆ ಹನ್ನೊಂದೂ ಸುಳ್ಳು, ಬರೆದವಳು ನಾನು ಎಂದು ಫಾರಂನ ಕೆಳಗೆ ಬರೆದೇ ಕೊಟ್ಟಿದ್ದೇನೆ.