ಕತ್ತಲೆ ಬೇಡದ ಬೆಳಕು

ಜೂನ್ 9, ಸೋಮವಾರ

ಮತ್ತೆ ಪಿನ್ನು. ಮೇಲೆ ಕ್ಯಾಮೆರಾ, ಕೆಳಗೆ ಹಿಂದಿನಿಂದ ಬೆಳಗುವ ಬ್ಯಾಕ್‌ಲೈಟ್, ನಡುವೆ ದುಂಡನೆಯ ಸ್ಟೀಲ್ ಪಿನ್. ನೆರಳಿನ ಅಂಚು ಹಿಡಿದು ದಪ್ಪ ಅಳೆಯಬೇಕು. ಬಿಳಿ ಲೈಟು ಅಗಲ ಜಾಸ್ತಿ — ಅಂಚನ್ನು ಸುತ್ತಿ ಬಂದು ಪಿನ್ನನ್ನು ತೆಳ್ಳಗೆ ತೋರಿಸುತ್ತದೆ. ಸುಳ್ಳುಬುರುಕ.

ಟೀ ತರುವ ಮಾರಮ್ಮ ಬಾಗಿಲು ತೆಗೆದರು. ಹೊರಗಿನ ಬೆಳಕು ಬಿತ್ತು, ರೀಡಿಂಗ್ ಹಾರಿತು. ರೇಗಿದೆ. ‘ಬಾಗಿಲು ತೆಗೆಯಬಾರದು’ ಅಂತ ಚೀಟಿ ಅಂಟಿಸಿದೆ.

ಜೂನ್ 12, ಗುರುವಾರ

ಹಸಿರು ಬ್ಯಾಕ್‌ಲೈಟ್. ಕಿರಣಗಳು ನೇರ ಬರುವ ಜಾತಿ. ಅಂಚು ಬ್ಲೇಡಿನಂತೆ! ಆದರೆ ರೂಮು ಕತ್ತಲೆಯೇ ಇರಬೇಕು.

‘ಸಖತ್’ ಅನ್ನಲು ತಿರುಗಿದೆ. ಪಕ್ಕದಲ್ಲಿ ಕೂರುತ್ತಿದ್ದ ಲತಾಮಣಿಯ ಕುರ್ಚಿ ಖಾಲಿ. ಕೆಲಸ ಬಿಟ್ಟು ಪುಣೆಗೆ ಹೋಗಿ ತಿಂಗಳಾಯಿತು, ಇನ್ನೂ ತಿರುಗುತ್ತೇನೆ. ಈ ಕುತ್ತಿಗೆಗೆ ಬುದ್ಧಿ ಬರುವುದಿಲ್ಲ.

ಟೀ ಗ್ಲಾಸು ಹೊರಗೆ ನೆಲದ ಮೇಲಿತ್ತು. ತಟ್ಟೆ ಮುಚ್ಚಿದ್ದರು. ಆರಿಹೋಗಿತ್ತು.

ಜೂನ್ 20, ಶುಕ್ರವಾರ

ಇವತ್ತು ಬಾಯಿಬಿಟ್ಟು ಆಡಿದ ಮಾತು — ಜೆ.ಪಿ. ನಗರ ಬಂದಾಗ ಆಟೋದವನಿಗೆ, “ಇಲ್ಲೇ ನಿಲ್ಸಿ ಅಣ್ಣ”. ಅಷ್ಟೇ. ಡಬ್ಬಿ ಹಾಗೇ ವಾಪಸ್. ಊಟ ಆಯ್ತಾ ಅಂತ ಕೇಳುವವರಿಲ್ಲದಿದ್ದರೆ ಹಸಿವೂ ಆಗುವುದಿಲ್ಲ. ಒಂಟಿ ಅನ್ನಿಸುತ್ತಿದೆ. ಬರೆದರೆ ಹಗುರಾಗುತ್ತದೆ ಅಂತಾರೆ... ಆಗಲಿಲ್ಲ.

ಜೂನ್ 24, ಮಂಗಳವಾರ, ಮಧ್ಯಾಹ್ನ 3

ಇನ್ಫ್ರಾರೆಡ್ ಲೈಟು ಬಂತು. ಕಣ್ಣಿಗೆ ಕಾಣದು. ಲೆನ್ಸಿಗೆ ಫಿಲ್ಟರ್ ಹಾಕಿದರೆ ಕ್ಯಾಮೆರಾಗೆ ಅದೊಂದೇ ಕಾಣುತ್ತದೆ, ಹೊರಗಿನ ಬೆಳಕಲ್ಲ. ಹಸಿರಿನಷ್ಟು ಚೂಪಲ್ಲ, ಆದರೂ ಕಸ್ಟಮರ್ ಕೊಟ್ಟ ಮಿತಿಯೊಳಗೆ ಪಾಸ್. ಅವರ ಫ್ಯಾಕ್ಟರಿ ತುಂಬ ಕಿಟಕಿ, ಕತ್ತಲೆ ಎಲ್ಲಿಂದ ತರುತ್ತಾರೆ? ಇದೇ ಸರಿ ಎಂದು ಮೇಲ್ ಕಳಿಸಿದೆ. ಕಿಟಕಿಗಾಗಿ ಮಾತ್ರವೇ? ಅಲ್ಲ. ನನಗೂ ಬೇಕಿತ್ತು.

ಚೀಟಿ ಕಿತ್ತೆ. ಬಾಗಿಲು ತೆರೆದಿಟ್ಟೆ. ಮಾರಮ್ಮ ಬಂದವರು ಹೊಸ್ತಿಲಾಚೆ ಗ್ಲಾಸಿಡಲು ಬಗ್ಗಿದರು.

“ಒಳಗೆ ಬನ್ನಿ ಮಾರಮ್ಮ.”

“ಬ್ಯಾಡ ಮೇಡಂ, ನಿಮ್ ಲೆಕ್ಕ ತಪ್ಪೋಯ್ತದೆ.”

“ಇವತ್ತು ತಪ್ಪಲ್ಲ.”

ಅಳುಕುತ್ತಲೇ ಬಂದು ಪಕ್ಕದಲ್ಲಿ ನಿಂತರು. ಸ್ಕ್ರೀನ್ ನೋಡಿದೆ. ರೀಡಿಂಗ್ ಅಲುಗಲಿಲ್ಲ.

“ಊಟ ಆಯ್ತಾ?”

ಆಯ್ತು ಅನ್ನಬಹುದಿತ್ತು. ಇಲ್ಲ ಅಂದೆ.

“ನಂದೂ ಇಲ್ಲ. ಮಿಕ್ಕೋರ್ಗೆ ಟೀ ಕೊಟ್ಟು ನನ್ ಡಬ್ಬೀನೂ ತತ್ತೀನಿ, ಅಷ್ಟ್ರೊಳ್ಗೆ ತಿಂದ್ಬಿಟ್ಟೀರಾ!” ಎಂದು ಹೋಗಿದ್ದಾರೆ.

ಲತಾಮಣಿಯ ಕುರ್ಚಿ ಒರೆಸಿಟ್ಟೆ. ಕಾಯುತ್ತಾ ಬರೆಯುತ್ತಿದ್ದೇನೆ. ಹಸಿವಾಗುತ್ತಿದೆ. ಆಚೆ ಚಪ್ಪಲಿ ಸದ್ದು, ಅವರದೇ —