ಅರ್ಧ ತೋಳಿನ ಅಂಗಿ

ಹೊಲಿಗೆ ಅಂಗಡಿಯಿಂದ,
ಏಪ್ರಿಲ್ 19, ಭಾನುವಾರ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ಮಗಳೇ? ತಲೆನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಪುಸ್ತಕದಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೀಯೋ? ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನಮ್ಮ ಗುಂಡಿಗಳಿಗೆ ಕಾಜಾ ಹೊಲಿಯುತ್ತಾ ನನ್ನನ್ನು ಬೈಯುತ್ತಿರುತ್ತಾಳೆ. ಎರಡೂ ಕೆಲಸ ಅಚ್ಚುಕಟ್ಟು.

ಈ ಪತ್ರದ ಜೊತೆ ನಿನ್ನ ಪರೀಕ್ಷೆಯ ಅಂಗಿ ಇದೆ. ಅರ್ಧ ತೋಳು, ಜೇಬಿಲ್ಲ, ದೊಡ್ಡ ಗುಂಡಿಯಿಲ್ಲ. ಈ ಸಲ ನಿಯಮದ ಹಾಳೆಯನ್ನು ಮಷಿನ್ನಿನ ಎದುರಿಗೇ ಅಂಟಿಸಿಕೊಂಡು ಹೊಲಿದೆ. ಹೋದ ವರ್ಷ ನಾನು ಹೊಲಿದ ತುಂಬುತೋಳಿಗೆ ಪರೀಕ್ಷಾ ಕೇಂದ್ರದ ಗೇಟಿನಲ್ಲೇ ಕತ್ತರಿ ಹಾಕಿದರಲ್ಲ. ದಾರ ಜೋತಾಡುವ ತೋಳಿನಲ್ಲೇ ನೀನು ಕೂತು ಪರೀಕ್ಷೆ ಬರೆದೆ. ಆರೇ ಆರು ಅಂಕಕ್ಕೆ ಮೆಡಿಕಲ್ ಸೀಟು ಕೈತಪ್ಪಿತು. ಆದರೂ ನೀನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. “ತಪ್ಪು ನಂದೇ ಅಪ್ಪಾ, ಆ ಹಾಳೆ ನಿಂಗೆ ಕೊಡೋದೇ ಮರ್ತುಬಿಟ್ಟೆ” ಎಂದು ಬಿಕ್ಕಿ ಬಿಕ್ಕಿ ಅತ್ತೆ.

ಮೊನ್ನೆ ನಿಮ್ಮ ಕೋಚಿಂಗ್ ಹಾಸ್ಟೆಲಿನ ವಾರ್ಡನ್ ಫೋನ್ ಮಾಡಿದ್ದರು. ಬಾಗಿಲ ಬೀಗವನ್ನು ನಾಲ್ಕು ನಾಲ್ಕು ಸಲ ಎಳೆದು ನೋಡುತ್ತೀಯಂತೆ. ಅಭ್ಯಾಸದ ಪರೀಕ್ಷೆಗಳಲ್ಲಿ ಗುರುತು ಹಾಕಿದ ಉತ್ತರವನ್ನೇ ಮತ್ತೆ ಮತ್ತೆ ನೋಡುತ್ತಾ, ಕೊನೆಯ ಮೂವತ್ತು ಪ್ರಶ್ನೆಗಳನ್ನು ಮುಟ್ಟುವುದೇ ಇಲ್ಲವಂತೆ. “ಎಲ್ಲಾ ಗೊತ್ತು ಅವಳಿಗೆ. ತನ್ನ ಮೇಲೆ ತನಗೇ ನಂಬಿಕೆ ಇಲ್ಲ, ಅಷ್ಟೇ” ಎಂದರು. ಆಮೇಲೆ ಮಷಿನ್ ಮುಂದೆ ಕೂತರೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ. “ಹೋಗಿ ಕಣ್ಣು ತೋರಿಸ್ಕೊಂಡು ಬನ್ರೀ” ಅಂದಳು ನಿನ್ನಮ್ಮ. ನನ್ನ ಕಣ್ಣು ಚೆನ್ನಾಗೇ ಇದೆ.

ಅಂಗಿ ಬಿಗಿಯಾದರೆ ಹೇಳು, ಒಳಗೆ ಒಂದಿಂಚು ಬಟ್ಟೆ ಬಿಟ್ಟಿದ್ದೇನೆ. ಪರೀಕ್ಷೆ ಹೇಗಾದರೂ ಆಗಲಿ ಕಂದಾ, ನೀನು ನಗುನಗುತ್ತಾ ಮನೆಗೆ ಬಂದರೆ ನಮಗೆ ಅದೇ ದೊಡ್ಡದು. ಅಮ್ಮ ನಿನ್ನ ತಲೆ ಸವರಿದಳೆಂದು ತಿಳಿದುಕೋ.

ಇಂತಿ,
ನಿನ್ನ ಅಪ್ಪ

ತಾ.ಕ.: ಅಂಗಿಯ ಮಡಿಕೆಯಲ್ಲಿ ಹೋದ ವರ್ಷದ ಆ ಹಾಳೆ ಇಟ್ಟಿದ್ದೇನೆ. ತಿರುಗಿಸಿ ನೋಡು. ಹಿಂಬದಿಯಲ್ಲಿ ಯಾರದೋ ಪ್ಯಾಂಟಿನ ಅಳತೆ ಇದೆ, ನನ್ನದೇ ಅಕ್ಷರ. ನೀನು ಮರೆತಿರಲಿಲ್ಲ ಗುಬ್ಬೀ, ನನ್ನ ಕೈಗೇ ಕೊಟ್ಟಿದ್ದೆ. ಬಟ್ಟೆಯ ವಿಷಯ ಅಪ್ಪ ನೋಡಿಕೊಳ್ಳುತ್ತಾನೆಂದು ನಂಬಿದ್ದೆ. ನಾನು ಓದದೇ ಅಳತೆ ಗೀಚಿ ಅಂಗಡಿಯ ಅಳತೆ ಪುಸ್ತಕದೊಳಗೆ ತುರುಕಿದೆ. ನೀನು ಅತ್ತ ವಾರವೇ ಅದು ಸಿಕ್ಕಿತು. ಹೇಳಲು ನಾಚಿಕೆಯಾಗಿ ವರ್ಷವಿಡೀ ಬಾಯಿ ಮುಚ್ಚಿಕೊಂಡಿದ್ದೆ. ನನ್ನನ್ನು ಎಷ್ಟು ಬೇಕಾದರೂ ಬೈಯಿ. ಆದರೆ ಬೀಗ ಮಾತ್ರ ಇನ್ನು ಒಂದೇ ಸಲ ಎಳೆದು ನೋಡು ಮಗಳೇ, ಸಾಕು.