ದೀಪದ ಗಂಟೆಗೆ ಸಿಕ್ಕ ಪ್ರೋಗ್ರಾಂ

ಮನೆಯಿಂದ,
ಶನಿವಾರ, ಫೆಬ್ರವರಿ ೧೭

ಪ್ರೀತಿಯ ತಮ್ಮ ತಂತಿರಾಯನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯೋ? ಹಡಗುಕಟ್ಟೆಯ ಗಾಳಿಗೆ ಕೆಮ್ಮು ಹಿಡಿದಿದೆ ಎಂದು ಹೋದ ಸಲ ಒಂದೇ ಸಾಲು ಗೀಚಿದ್ದೆ. ಬಿಸಿನೀರು ಕುಡಿ, ಕಿವಿಗೆ ಬಟ್ಟೆ ಸುತ್ತಿಕೋ, ನಾಚಿಕೆ ಪಡಬೇಡ. ಇಲ್ಲಿ ಅಪ್ಪನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟು. ನಾನು ಪ್ರೆಸ್ಸಿನಲ್ಲಿ ದಿನವಿಡೀ ಬೇರೆಯವರ ಅಚ್ಚಿನ ತಪ್ಪು ತಿದ್ದಿ, ಮನೆಗೆ ಬಂದು ಅಪ್ಪನ ಕೈಲಿ ತಿದ್ದಿಸಿಕೊಳ್ಳುತ್ತೇನೆ. ಅಮ್ಮ ಚೆನ್ನಾಗಿದ್ದಾಳೆ. ಆದರೆ ಈ ಮೂರು ವರ್ಷ ಅವಳು ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಕೊಂಡು ಕೂತಿದ್ದನ್ನು ನಿನಗೆ ಬರೆದಿರಲಿಲ್ಲ. ಕಿವಿ ಕೇಳದವಳು, ಮತ್ತೆ ಯಾರಾದರೂ ಬಂದು ಹಾಗೇ ತಿರುಗಿ ಹೋದಾರೆಂಬ ಭಯ.

ಈಗ ಸುದ್ದಿ ಕೇಳು. ಅಪ್ಪ ಪತ್ರಿಕೆ ನೋಡಿಕೊಂಡು ಅಮ್ಮನಿಗಾಗಿ ಕಟ್ಟಿದ್ದ ದೀಪದ ಗಂಟೆ ಮತ್ತೆ ಕೆಲಸ ಮಾಡುತ್ತಿದೆ! ಮುಂಬಾಗಿಲ ಗುಂಡಿ ಒತ್ತಿದರೆ ಮನೆಯ ದೀಪಗಳೆಲ್ಲ ಮೂರು ಸಲ ಮಿನುಗುತ್ತವೆ, ಹಿಂಬಾಗಿಲಿಗೆ ಎರಡು ಸಲ, ಮೊದಲಿನ ಹಾಗೇ.

ಗಂಟೆ ಕೆಟ್ಟುಹೋದ ಆ ವಾರ ನಡೆದದ್ದನ್ನು ನಾನು ಮರೆತಿಲ್ಲ. ಆಸ್ಪತ್ರೆಯಿಂದ ಬಿಡಿಸಿಕೊಂಡು ಬಂದ ಚಿಕ್ಕಮ್ಮ ಅರ್ಧ ಗಂಟೆ ಗುಂಡಿ ಒತ್ತಿದ್ದಳು ಎಂದು ಎದುರುಮನೆಯವರು ಆಮೇಲೆ ಹೇಳಿದರು. ಅಮ್ಮ ಒಳಗೇ ಇದ್ದಳು. ಅದು ನಮಗೆ ತಿಳಿಯುವ ಮೊದಲೇ, ಹತ್ತು ದಿನಕ್ಕೆ, ಚಿಕ್ಕಮ್ಮ ತೀರಿಹೋಗಿದ್ದಳು. "ಅದಕ್ಕೆ ಕೈ ಹಾಕಿದೋನು ನೀನೇ, ಕೆಡಿಸಿದೋನೂ ನೀನೇ. ಅಕ್ಕತಂಗೀರು ಕೊನೇ ಸಲ ಮುಖ ನೋಡೋದನ್ನೂ ತಪ್ಪಿಸ್ಬಿಟ್ಟೆ" ಎಂದರು ಅಪ್ಪ. ನೀನು ಸ್ವಿಚ್ಚು ಬಿಚ್ಚಿ ಒರೆಸಿದ್ದೆ, ಅಷ್ಟೆ. ಆದರೂ ನೀನೇ ಅದನ್ನು ನಂಬಿ, ಚೀಲ ತುಂಬಿಕೊಂಡು ಹೊರಟುಬಿಟ್ಟೆ.

ಗಂಟೆಯ ಚಿಪ್ಪಿನಲ್ಲಿ ದೀಪ ಮಿನುಗಿಸುವ ಪ್ರೋಗ್ರಾಂ ಉಳಿದಿರಲಿಲ್ಲ, ಅದನ್ನು ಮತ್ತೆ ಹುಡುಕಲು ಪಟ್ಟ ಪಾಡು ನನಗೇ ಗೊತ್ತು. ಆ ಎಲೆಕ್ಟ್ರಾನಿಕ್ಸ್ ಮಾಸಪತ್ರಿಕೆಯವರು ಸರ್ಕೀಟಿನ ನಕ್ಷೆಯನ್ನು ಮಾತ್ರ ಅಚ್ಚು ಹಾಕಿ, ಪ್ರೋಗ್ರಾಂ ತುಂಬಿದ ಚಿಪ್ಪನ್ನು ಅಂಚೆಯಲ್ಲಿ ಕಳಿಸುತ್ತಿದ್ದರಲ್ಲ? ಪತ್ರಿಕೆ ನಿಂತು ಇಪ್ಪತ್ತೈದು ವರ್ಷ. ರದ್ದಿ ಅಂಗಡಿಗಳಲ್ಲಿ ಧೂಳು ಕುಡಿದು, ಸಿಕ್ಕ ಸಂಚಿಕೆಗಳಲ್ಲಿದ್ದ ಓದುಗರ ವಿಳಾಸಗಳಿಗೆಲ್ಲ ಕಾಗದ ಹಾಕಿದೆ. ಒಬ್ಬ ಮಹಾನುಭಾವರು "ನಾನೂ ಅದನ್ನೇ ಹುಡುಕ್ತಾ ಇದೀನಿ, ಸಿಕ್ಕಿದ್ರೆ ತಿಳಿಸಿ" ಎಂದು ಬರೆದಿದ್ದರು. ನಗಬೇಕೋ ಅಳಬೇಕೋ! ಕೊನೆಗೊಬ್ಬ ಹಿರಿಯರು ಆ ಲೇಖನ ಬರೆದವರ ಮನೆ ವಿಳಾಸ ಕೊಟ್ಟರು. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವರ ಹೆಂಡತಿ ನಿವೃತ್ತ ವಿಜ್ಞಾನ ಟೀಚರ್, ರದ್ದಿಗೆ ಹಾಕಲು ಮನಸ್ಸು ಬಾರದೆ ಕಾಗದಗಳನ್ನೆಲ್ಲ ಮಂಚದ ಕೆಳಗಿನ ಟ್ರಂಕಿನಲ್ಲಿಟ್ಟಿದ್ದರು.

ಪ್ರೋಗ್ರಾಂ ಅದರಲ್ಲೇ ಸಿಕ್ಕಿತು: ಪ್ರಿಂಟರಿನಲ್ಲಿ ತೆಗೆದ ಹನ್ನೊಂದು ಹಾಳೆ, ಬರೀ ಅಂಕಿ ಅಕ್ಷರಗಳ ಸಾಲು, ಶಾಯಿ ಮಾಸಿಹೋಗಿತ್ತು. ಟೀಚರ್ ಓದಿದರು, ನಾನು ಟೈಪ್ ಮಾಡಿದೆ. ಎಂಟು ಯಾವುದು, ಇಂಗ್ಲಿಷಿನ ಬಿ ಯಾವುದು, ದೇವರಿಗೇ ಗೊತ್ತು. ಸಾಲಿನ ಕೊನೆಯಲ್ಲಿ ಆ ಸಾಲಿನ ಮೊತ್ತ ಕೊಟ್ಟಿದ್ದರಿಂದ ಬಚಾವ್. ತಾಳೆಯಾಗದಿದ್ದರೆ ಮತ್ತೆ ಮೊದಲಿಂದ. ನಾಲ್ಕು ಭಾನುವಾರ ಹಿಡಿಯಿತು. "ನಮ್ಮೋರು ಕೈಯಲ್ಲೇ ಬರ್ದಿಟ್ಟಿದ್ರೆ ಇಷ್ಟು ಕಷ್ಟ ಇರ್ಲಿಲ್ಲ" ಎಂದು ನಗಲು ಹೋಗಿ ಅವರು ಕಣ್ಣೊರೆಸಿಕೊಂಡರು. ಪಾಲಿಟೆಕ್ನಿಕ್ಕಿನ ಮೇಷ್ಟ್ರೊಬ್ಬರು ಅದನ್ನು ಹೊಸ ಚಿಪ್ಪಿಗೆ ತುಂಬಿಸಿಕೊಟ್ಟರು.

ಮೊನ್ನೆ ನಾನು ಹೊರಗೆ ನಿಂತು ಗುಂಡಿ ಒತ್ತಿದೆ. ಅಮ್ಮ ಹೆಚ್ಚುತ್ತಿದ್ದ ಈರುಳ್ಳಿಯನ್ನು ಅಲ್ಲೇ ಬಿಟ್ಟು ಓಡಿ ಬಂದು ಬಾಗಿಲು ತೆಗೆದಳು. ನಾನೇ ಎಂದು ಗೊತ್ತಾದ ಮೇಲೂ, ನನ್ನ ಹಿಂದೆ ಇನ್ಯಾರಾದರೂ ಇದ್ದಾರೇನೋ ಎಂದು ಕತ್ತು ಚಾಚಿ ನೋಡಿದಳು. ನನಗೆ ತಡೆಯಲಾಗಲಿಲ್ಲ ಕಣೋ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ,
ಅಕ್ಕ

ತಾ.ಕ.: ನಿನ್ನೆ ಇಷ್ಟು ಬರೆದು ಲಕೋಟೆಗೆ ಹಾಕಿದ್ದೆ. ಮುಖ್ಯವಾದದ್ದನ್ನು ಬರೆಯುವ ಧೈರ್ಯ ಆಗಿರಲಿಲ್ಲ. ಹಳೇ ಚಿಪ್ಪು ನೋಡಿದ ಕೂಡಲೇ ಟೀಚರ್, "ಇದರ ಮೇಲಿನ ಚೀಟಿ ಯಾರಮ್ಮಾ ಕಿತ್ತಿದ್ದು?" ಎಂದು ಕೇಳಿದ್ದರು. ಚಿಪ್ಪಿನ ನೆತ್ತಿಯಲ್ಲಿ ಸಣ್ಣ ಗಾಜಿನ ಕಿಂಡಿ ಇರುತ್ತದಂತೆ. ಚೀಟಿ ಕಿತ್ತು ಬಿಸಿಲಿಗಿಟ್ಟರೆ ಒಳಗಿನ ಪ್ರೋಗ್ರಾಂ ಅಳಿಸಿಹೋಗುತ್ತದಂತೆ. ಕಿತ್ತವಳು ನಾನು. ಆ ವರ್ಷ ಮನೆಗೆ ಬಣ್ಣ ಹೊಡೆಸಿದಾಗ, ಜಿಡ್ಡು ಹಿಡಿದ ಆ ಚೀಟಿ ಅಸಹ್ಯವಾಗಿ ಕಂಡು ಉಗುರಲ್ಲಿ ಕೆರೆದು ತೆಗೆದೆ. ಗಂಟೆಯ ಮುಚ್ಚಳವಿಲ್ಲದ ಪೆಟ್ಟಿಗೆಯನ್ನು ತೆರೆದ ಕಿಟಕಿಯ ಬಿಸಿಲಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದವಳೂ ನಾನೇ. ನಿನ್ನದೇನೂ ತಪ್ಪಿಲ್ಲ ಕಣೋ, ಏನೇನೂ ಇಲ್ಲ. ಇವತ್ತು ತಿಂಡಿ ಹೊತ್ತಿಗೆ ಇಬ್ಬರಿಗೂ ಹೇಳಿಬಿಟ್ಟೆ. ಅಪ್ಪ ತಟ್ಟೆ ಸರಿಸಿ ಎದ್ದುಹೋದರು. ಅಮ್ಮ ನನ್ನ ತುಟಿಯನ್ನೇ ನೋಡುತ್ತಾ "ಇನ್ನೊಂದ್ಸಲ ಹೇಳು" ಅಂದಳು. ಹೇಳಿದೆ. "ಅವನಿಗೆ ಬರಿ, ಈಗ್ಲೇ ಬರಿ" ಎಂದು ತಾನೇ ಪೆನ್ನು ತಂದು ಕೈಗಿಟ್ಟಳು. ಈಗ ಅಪ್ಪ ಬಂದು ನನ್ನ ಪಕ್ಕದಲ್ಲಿ ನಿಂತಿದ್ದಾರೆ. "ನಾನು ಅನ್ಬಾರದ ಮಾತು ಅಂದೆ ಅಂತ ಬರಿ. ಬಾ ಅಂತ ಬರಿ" ಎನ್ನುತ್ತಿದ್ದಾರೆ. ಬರೆದಿದ್ದೇನೆ.